ನಾಟಕ ಕಂಪನಿಯ ನಟಿಯೊಬ್ಬರ ವೃತ್ತಿಜೀವನವನ್ನು ದಾಖಲಿಸುವ ಬಗೆ

ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಊರುಗಳಲ್ಲಿ ನಲವತ್ತು ವರ್ಷ ಬಣ್ಣ ಹಚ್ಚಿ ಈಗ ಮನೆಯಲ್ಲಿ ಕುಳಿತಿರುವ ನಟಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಕಂಪನಿಯಲ್ಲಿ ಮೊದಲು ನಾಯಕಿಯಾಗಿ, ಆಮೇಲೆ ಖಳನಾಯಕಿಯಾಗಿ, ಕಾಮಿಕ್ ಜೋಡಿಯಾಗಿ, ಕೊನೆಗೆ ತಾಯಿ ಮತ್ತು ಅತ್ತೆಯ ಪಾತ್ರಗಳಲ್ಲಿ ಸಾಲು ಸಾಲು ರಾತ್ರಿಗಳನ್ನು ಕಳೆದು, ನಡುನಡುವೆ ನಾಲ್ಕಾರು ಸಿನಿಮಾಗಳಲ್ಲಿಯೂ ಒಂದೆರಡು ಧಾರಾವಾಹಿಗಳಲ್ಲಿಯೂ ಕಾಣಿಸಿಕೊಂಡ ಇವರ ಬಗ್ಗೆ ಹುಡುಕಿದರೆ, ಯಾವುದೋ ಸನ್ಮಾನ ಪತ್ರದ ಆರು ಸಾಲು ಬಿಟ್ಟು ಹೆಚ್ಚೇನೂ ಸಿಗುವುದಿಲ್ಲ. ಆ ಆರು ಸಾಲುಗಳಲ್ಲಿಯೂ ‘ಕಲಾಸರಸ್ವತಿ’, ‘ಅಭಿನೇತ್ರಿ’ ಎಂಬ ಬಿರುದುಗಳೇ ತುಂಬಿರುತ್ತವೆಯೇ ಹೊರತು, ಅವರು ಯಾವ ವರ್ಷ ಯಾವ ಊರಿನಲ್ಲಿ ಯಾವ ಪಾತ್ರ ಮಾಡಿದರು ಎಂಬುದು ಇರುವುದಿಲ್ಲ. ಇಂತಹ ಒಬ್ಬ ನಟಿಯ ವೃತ್ತಿಜೀವನವನ್ನು ಬರೆದಿಡಬೇಕು ಎಂದುಕೊಂಡ ಮಗಳು, ಮೊಮ್ಮಗ, ಶಾಲೆಯ ಶಿಕ್ಷಕ ಅಥವಾ ಕಾಲೇಜಿನ ವಿದ್ಯಾರ್ಥಿಗೆ ನೆರವಾಗಲೆಂದು, ನಾನು ಈ ಕೆಲಸ ಮಾಡುತ್ತ ಕಲಿತದ್ದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಮಾಡಬೇಕಾದದ್ದು ಪಾತ್ರಗಳ ಪಟ್ಟಿ. ಹುಟ್ಟು, ಮನೆತನ, ಕಷ್ಟಕಾಲ, ಪ್ರಶಸ್ತಿ ಎಂಬ ಕ್ರಮದಲ್ಲಿ ಬರೆಯಲು ಹೊರಟವರು ಸಾಮಾನ್ಯವಾಗಿ ಎರಡನೆಯ ಪುಟದಲ್ಲಿ ನಿಂತುಬಿಡುತ್ತಾರೆ, ಏಕೆಂದರೆ ನಟಿಯ ದುಡಿಮೆ ಇರುವುದು ಪಾತ್ರಗಳಲ್ಲಿ ಮತ್ತು ರಾತ್ರಿಗಳಲ್ಲಿ; ಪ್ರಶಸ್ತಿಗಳು ಬಂದರೂ ಬಹಳ ತಡವಾಗಿ ಬರುತ್ತವೆ. ಆದ್ದರಿಂದ ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ತಂದು, ಪಾತ್ರದ ಹೆಸರು, ನಾಟಕ ಅಥವಾ ಚಿತ್ರದ ಹೆಸರು, ಬರೆದವರು, ಕಂಪನಿ ಅಥವಾ ಆಡಿಸಿದ ಊರು, ಕ್ಯಾಂಪು (ಕಂಪನಿ ಟೆಂಟು ಹಾಕಿ ಬೀಡುಬಿಟ್ಟ ಜಾಗ), ತಾರೀಖು, ಆಗ ನಟಿಯ ವಯಸ್ಸು, ಎದುರಿಗೆ ಪಾತ್ರ ಮಾಡಿದವರು ಎಂದು ಅಂಕಣಗಳನ್ನು ಎಳೆದುಕೊಳ್ಳಬೇಕು. ಕೊನೆಯ ಅಂಕಣವನ್ನು ಆಧಾರಕ್ಕೆ ಮೀಸಲಿಡಬೇಕು. ಈ ಸಂಗತಿ ಅವರ ಬಾಯಿಂದ ಬಂದದ್ದೋ, ಹ್ಯಾಂಡ್‌ಬಿಲ್ಲಿನಲ್ಲಿ ಇರುವುದೋ, ಸಹನಟರು ಹೇಳಿದ್ದೋ ಎಂಬುದನ್ನು ಅಲ್ಲಿ ಬರೆಯಬೇಕು. ಕೊನೆಯ ಅಂಕಣ ಖಾಲಿ ಇರುವ ಸಾಲನ್ನು ಅಂತಿಮ ಬರಹದಲ್ಲಿ ಖಚಿತ ಸಂಗತಿಯೆಂದು ಬಳಸಬಾರದು.

ಈ ಪಟ್ಟಿಯಲ್ಲಿ ವಯಸ್ಸಿನ ಅಂಕಣವನ್ನು ಬಿಡಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ಬಹುಮುಖ ಪ್ರತಿಭೆ ಎಂಬ ಮಾತನ್ನು ನಾವು ಸುಲಭವಾಗಿ ಬಳಸುತ್ತೇವೆ. ಆದರೆ ಅದರ ನಿಜವಾದ ರೂಪ ಕಾಣುವುದು ಒಂದೇ ನಾಟಕದಲ್ಲಿ ಒಬ್ಬಾಕೆ ಹದಿನೆಂಟನೆಯ ವಯಸ್ಸಿಗೆ ತಂಗಿಯಾಗಿ, ಇಪ್ಪತ್ತೈದಕ್ಕೆ ನಾಯಕಿಯಾಗಿ, ನಲವತ್ತಕ್ಕೆ ಆ ನಾಯಕಿಯ ಅತ್ತೆಯಾಗಿ ನಿಂತದ್ದು ಒಂದರ ಕೆಳಗೊಂದು ಸಾಲಿನಲ್ಲಿ ಬಂದಾಗ. ನಾಯಕಿಯ ಪಾತ್ರ ಬಿಟ್ಟುಕೊಟ್ಟು ತಾಯಿಯ ಪಾತ್ರಕ್ಕೆ ಸರಿಯುವ ದಿನ ಪ್ರತಿಯೊಬ್ಬ ಕಂಪನಿ ನಟಿಯ ಜೀವನದಲ್ಲಿಯೂ ಬರುತ್ತದೆ. ಆ ದಿನ ಯಾರು ಏನು ಹೇಳಿದರು, ಸಂಬಳ ಇಳಿಯಿತೋ ಉಳಿಯಿತೋ, ತಮ್ಮ ಸೀರೆ ಮತ್ತು ಮಾತುಗಳನ್ನು ಹೊಸ ಹುಡುಗಿಗೆ ಕಲಿಸಿಕೊಟ್ಟರೋ ಇಲ್ಲವೋ ಎಂಬುದನ್ನು ಕೇಳಿ ಬರೆದುಕೊಂಡರೆ, ಇಡೀ ಬರಹಕ್ಕೆ ಒಂದು ಬೆನ್ನೆಲುಬು ಸಿಗುತ್ತದೆ.

ಕಂಪನಿಯ ಪಾತ್ರಗಳ ಜೊತೆಗೆ ಹಳ್ಳಿ ನಾಟಕಗಳನ್ನೂ ಪಟ್ಟಿಗೆ ಸೇರಿಸಬೇಕು. ನಮ್ಮ ಕಡೆ ಜಾತ್ರೆಗೆ, ಉಗಾದಿಗೆ, ಗಣಪತಿ ಹಬ್ಬಕ್ಕೆ ಊರ ಹುಡುಗರೇ ಕೂಡಿ ನಾಟಕ ಕಲಿತು, ಸ್ತ್ರೀ ಪಾತ್ರಗಳಿಗೆ ಮಾತ್ರ ಹೊರಗಿನಿಂದ ಕಲಾವಿದೆಯರನ್ನು ಕರೆಸುವ ರೂಢಿ ಬಹಳ ಕಾಲದಿಂದ ಇದೆ. ಸಂಜೆ ಬಸ್ಸಿಳಿದು, ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರೊಂದಿಗೆ ಎರಡು ಹಾಡುಗಳ ಶ್ರುತಿ ನೋಡಿಕೊಂಡು, ಮೊದಲ ಬಾರಿಗೆ ಕಂಡ ನಾಯಕನ ಜೊತೆಗೆ ಬೆಳಗಿನವರೆಗೆ ಪಾತ್ರ ನಡೆಸಿ, ಬೆಳಗಿನ ಬಸ್ಸಿಗೆ ಇನ್ನೊಂದು ಊರಿಗೆ ಹೋಗುವುದು ಸಣ್ಣ ಕೆಲಸವಲ್ಲ. ಕಂಪನಿಯ ನಾಟಕಕ್ಕೆ ಮಾಲೀಕರ ಲೆಕ್ಕವಾದರೂ ಇರುತ್ತದೆ. ಹಳ್ಳಿ ನಾಟಕಕ್ಕೆ ಅದೂ ಇರುವುದಿಲ್ಲವಾದ್ದರಿಂದ, ನೀವು ಬರೆಯದಿದ್ದರೆ ಅದು ಉಳಿಯುವುದೇ ಇಲ್ಲ. ಹಾಗೆಯೇ ಬೆಳಗಾವಿ ಮತ್ತು ಬಾಗಲಕೋಟೆ ಸೀಮೆಯ ಎಷ್ಟೋ ಹಿರಿಯ ಕಲಾವಿದೆಯರು ಶ್ರೀಕೃಷ್ಣ ಪಾರಿಜಾತದ ಬಯಲಾಟದಲ್ಲಿ ಗೆಜ್ಜೆ ಕಟ್ಟಿದವರು. ಪಾರಿಜಾತಕ್ಕೆ ಹೆಸರಾದ ಕೌಜಲಗಿ ನಿಂಗಮ್ಮನವರ ಹೆಸರು ಈ ಭಾಗದಲ್ಲಿ ಇಂದಿಗೂ ಮನೆಮಾತು. ಸತ್ಯಭಾಮೆ, ರುಕ್ಮಿಣಿ, ಕೊರವಂಜಿ ಇವುಗಳಲ್ಲಿ ಯಾವ ಯಾವ ಪಾತ್ರಗಳನ್ನು ಮಾಡಿದ್ದಾರೆ ಎಂದು ಬೇರೆ ಬೇರೆಯಾಗಿಯೇ ಕೇಳಬೇಕು. ‘ಪಾರಿಜಾತ ಮಾಡಿದ್ದಾರೆ’ ಎಂದಷ್ಟೇ ಬರೆದುಕೊಂಡು ಬಂದರೆ ಅರ್ಧ ಕೆಲಸವೂ ಆದಂತಲ್ಲ.

ಮಾತನಾಡಿಸುವಾಗ

‘ನೀವು ರಂಗಭೂಮಿಗೆ ಬಂದದ್ದು ಯಾವಾಗ?’ ಎಂಬ ಪ್ರಶ್ನೆಗೆ ಸಿಗುವ ಉತ್ತರ ‘ಸಣ್ಣಾಕಿ ಇದ್ದಾಗ’ ಎಂಬುದು ಮಾತ್ರ. ಇಸವಿಗಳು ಅವರ ನೆನಪಿನಲ್ಲಿ ಇರುವುದಿಲ್ಲ. ಜಾತ್ರೆಗಳು, ಕ್ಯಾಂಪುಗಳು, ಬರಗಾಲಗಳು ಇರುತ್ತವೆ. ಬನದ ಹುಣ್ಣಿಮೆಗೆ, ಅಂದರೆ ಪುಷ್ಯ ಮಾಸದ ಹುಣ್ಣಿಮೆಗೆ, ಬಾದಾಮಿಯ ಬನಶಂಕರಿಯಲ್ಲಿ ಹಲವು ಕಂಪನಿಗಳು ಒಟ್ಟಿಗೆ ಟೆಂಟು ಹಾಕಿ ವಾರಗಟ್ಟಲೆ ನಾಟಕ ಆಡುತ್ತವೆ. ಸಂಕ್ರಮಣಕ್ಕೆ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಜಾತ್ರೆ. ಗೋಕಾಕದ ಗ್ರಾಮದೇವತೆಯರ ಜಾತ್ರೆಯೋ ಐದು ವರ್ಷಕ್ಕೊಮ್ಮೆ. ಆದ್ದರಿಂದ ‘ಬನಶಂಕರಿಯಲ್ಲಿ ಮೊದಲ ಸಲ ನಿಂತಾಗ ಯಾವ ಕಂಪನಿಯಲ್ಲಿದ್ದಿರಿ, ಪಕ್ಕದ ಟೆಂಟು ಯಾರದಿತ್ತು?’ ಎಂದು ಕೇಳಿದರೆ ನೆನಪು ತಾನಾಗಿ ತೆರೆದುಕೊಳ್ಳುತ್ತದೆ. ಕರ್ನಾಟಕ ಎಂಬ ಹೆಸರು ಬಂದ 1973ರ ನವೆಂಬರ್, ಅದರ ಹಿಂದುಮುಂದಿನ ದೊಡ್ಡ ಬರ, ತುರ್ತುಪರಿಸ್ಥಿತಿ, 1984ರಲ್ಲಿ ಇಂದಿರಾ ಗಾಂಧಿಯವರ ಹತ್ಯೆಯಾದ ದಿನ ನಾಟಕ ನಿಂತದ್ದು, ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಭಾಗಗಳು ಸೇರಿ ಜನ ನವನಗರಕ್ಕೆ ಹೋದದ್ದು, ಇವೆಲ್ಲ ಕಾಲವನ್ನು ಗುರುತಿಸುವ ಗೂಟಗಳಾಗುತ್ತವೆ. ಮದುವೆ, ಮಕ್ಕಳ ಜನನ ಇವುಗಳಿಗೂ ಪಾತ್ರಗಳನ್ನು ಕಟ್ಟಿ ಕೇಳಬಹುದು. ಹಿರಿಮಗ ಹುಟ್ಟಿದ ಎಷ್ಟನೆಯ ತಿಂಗಳಿಗೆ ಮತ್ತೆ ಬಣ್ಣ ಹಚ್ಚಿದರು ಎಂಬುದನ್ನು ಮರೆತ ತಾಯಿಯನ್ನು ನಾನು ಕಂಡಿಲ್ಲ.

ಪ್ರಶ್ನೆಗಳಿಗಿಂತ ಹೆಚ್ಚು ಕೆಲಸ ಮಾಡುವುದು ಅಭಿನಯವೇ. ಬಾಗಲಕೋಟೆ ಜಿಲ್ಲೆಯ ಹಿರಿಯ ಕಲಾವಿದೆಯೊಬ್ಬರ ಮನೆಗೆ ನಾನು ಮೊದಲ ಸಲ ಹೋದಾಗ ಅವರು ಮೊರದಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದರು. ಒಂದು ಗಂಟೆಯ ಹೊತ್ತು ನಾನು ಕೇಳಿದ್ದಕ್ಕೆಲ್ಲ ‘ಹೌದ್ರಿ’, ‘ಇಲ್ರಿ’ ಎಂದಷ್ಟೇ ಉತ್ತರ ಬಂತು. ಹೊರಡುವ ಮುನ್ನ, ಅವರಿಗೆ ಹೆಸರು ತಂದ ನಾಟಕದಲ್ಲಿ ನಾಯಕಿ ಮೊದಲ ಬಾರಿಗೆ ರಂಗಕ್ಕೆ ಬರುವುದು ಯಾವ ಕಡೆಯಿಂದ ಎಂದು ಸುಮ್ಮನೆ ಕೇಳಿದೆ. ‘ಅದನ್ನ ಹಿಂಗ ಕುಂತ ಹೇಳಾಕ ಬರೂದಿಲ್ರಿ’ ಎಂದು ಮೊರವನ್ನು ಬದಿಗೆ ಸರಿಸಿ ಎದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಡುಗೆಮನೆಯ ಬಾಗಿಲ ಚೌಕಟ್ಟಿನ ಆಚೆ ಒಂದು ಕ್ಷಣ ನಿಂತು, ಎಡಗೈಯಲ್ಲಿ ಇಲ್ಲದ ಕಂದೀಲನ್ನು ಎತ್ತಿ ಹಿಡಿದು ಒಳಬಂದರು. ಬಂದವರು ಬಲಗಾಲನ್ನು ಅರ್ಧ ಹೆಜ್ಜೆ ಹಿಂದಕ್ಕೆ ಇಟ್ಟು ಮುಖವನ್ನು ನನ್ನ ತಲೆಯ ಮೇಲಿನ ಗೋಡೆಗೆ ತಿರುಗಿಸಿದರು, ಏಕೆಂದರೆ ಕೊನೆಯ ಸಾಲಿನ ಪ್ರೇಕ್ಷಕ ಇರುವುದು ಅಲ್ಲಿ. ತಮ್ಮ ಮಾತು ಮುಗಿಸಿ, ಎದುರಿನ ಪಾತ್ರದ ಮಾತನ್ನೂ ಅವನದೇ ಗಡಸು ದನಿಯಲ್ಲಿ ಹೇಳಿದರು. ಆ ದನಿ ಯಾರದೆಂದು ಕೇಳಿದಾಗ ನಟನ ಹೆಸರು ಬಂತು, ಆ ಹೆಸರಿನಿಂದ ಕಂಪನಿ, ಕಂಪನಿಯಿಂದ ಕ್ಯಾಂಪು. ಒಂದು ಗಂಟೆಯ ಪ್ರಶ್ನೋತ್ತರದಲ್ಲಿ ಸಿಗದ ಹನ್ನೊಂದು ಸಾಲುಗಳು ಹತ್ತು ನಿಮಿಷದಲ್ಲಿ ನನ್ನ ಪಟ್ಟಿಗೆ ಸೇರಿದವು. ಅಂದಿನಿಂದ ನಾನು ಪ್ರತಿ ಭೇಟಿಯಲ್ಲಿ ಮೊದಲು ಒಂದು ಪ್ರವೇಶವನ್ನು ಮಾಡಿ ತೋರಿಸಲು ಕೇಳುತ್ತೇನೆ, ಮೊಣಕಾಲು ನೋವಿದ್ದವರಿಗೆ ಕುಳಿತಲ್ಲಿಯೇ ಹಾಡಲು ಕೇಳುತ್ತೇನೆ, ಮತ್ತು ಸಾಧ್ಯವಿದ್ದರೆ ಅವರ ಕಾಲದ ಪೇಟಿ ಮಾಸ್ತರರನ್ನೋ ತಬಲಾ ನುಡಿಸುತ್ತಿದ್ದವರನ್ನೋ ಜೊತೆಗೆ ಕರೆದೊಯ್ಯುತ್ತೇನೆ.

ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡುವುದಾದರೆ ಫ್ಯಾನು ಆರಿಸಿ, ಮೊಬೈಲನ್ನು ಮಡಿಚಿದ ಟವೆಲ್ಲಿನ ಮೇಲೆ ಅವರ ಎದುರಿಗೆ ಇಟ್ಟು, ಮೊದಲಿಗೆ ತಾರೀಖು, ಊರು ಮತ್ತು ಅವರ ಒಪ್ಪಿಗೆಯ ಮಾತು ದಾಖಲಾಗುವಂತೆ ನೋಡಿಕೊಳ್ಳಬೇಕು. ಬರೆಯುವಾಗ ಅವರ ಮಾತನ್ನು ಅವರ ಭಾಷೆಯಲ್ಲಿಯೇ ಇಡಬೇಕು. ‘ಹಾಕ್ಕೊಂಡ ಬಂದ್ನಿ’ ಎಂಬುದನ್ನು ‘ಧರಿಸಿ ಬಂದೆನು’ ಎಂದು ತಿದ್ದಿದರೆ, ಮಾತಿನಿಂದಲೇ ಬದುಕಿದ ನಟಿಯ ಮಾತನ್ನೇ ಕಳೆದಂತಾಗುತ್ತದೆ.

ಟ್ರಂಕಿನೊಳಗಿನ ಕಾಗದಗಳು

ಎರಡನೆಯ ಅಥವಾ ಮೂರನೆಯ ಭೇಟಿಯ ಹೊತ್ತಿಗೆ ಟ್ರಂಕು ಹೊರಗೆ ಬರುತ್ತದೆ. ಅದರಲ್ಲಿ ಫೋಟೊಗಳು, ಹ್ಯಾಂಡ್‌ಬಿಲ್ಲುಗಳು, ಪಾತ್ರದ ಮಾತುಗಳನ್ನು ಬರೆದುಕೊಂಡ ನೋಟುಪುಸ್ತಕಗಳು, ಪ್ರಮಾಣಪತ್ರಗಳು ಒಂದರ ಮೇಲೊಂದು ಅಂಟಿಕೊಂಡಿರುತ್ತವೆ. ಅಂಟಿದ್ದನ್ನು ಎಳೆದು ಬಿಡಿಸಬಾರದು. ಕಾಗದಗಳನ್ನು ಕಿಟಕಿಯ ಬೆಳಕಿನಲ್ಲಿ ಬಿಳಿ ಬಟ್ಟೆಯ ಮೇಲೆ ಹರಡಿ, ಫ್ಲ್ಯಾಶ್ ಇಲ್ಲದೆ, ಮೊಬೈಲನ್ನು ಕಾಗದಕ್ಕೆ ಸಮಾನಾಂತರವಾಗಿ ಹಿಡಿದು ಅಲ್ಲಿಯೇ ಚಿತ್ರ ತೆಗೆದುಕೊಳ್ಳಬೇಕು. ಫೋಟೊಗಳ ಹಿಂಬದಿಯನ್ನೂ ತೆಗೆಯಬೇಕು, ಏಕೆಂದರೆ ಸ್ಟುಡಿಯೋದ ಮುದ್ರೆ ಮತ್ತು ಊರು ಇರುವುದು ಅಲ್ಲಿ. ಮೂಲಪ್ರತಿಗಳನ್ನು ಮನೆಯಿಂದ ಹೊರಗೆ ಒಯ್ಯಬೇಡಿ. ನಾನು ಮೊದಮೊದಲು ಐದು ಫೋಟೊಗಳನ್ನು ಕೇಳಿ ತಂದು ನಗರದ ಒಂದು ಅಂಗಡಿಗೆ ಸ್ಕ್ಯಾನಿಗೆ ಕೊಟ್ಟಿದ್ದೆ, ಮೂರು ಮಾತ್ರ ಮರಳಿ ಬಂದವು. ಹೋದ ಎರಡರಲ್ಲಿ ಒಂದು ಅವರು ಮೊದಲ ಸಲ ಬಣ್ಣ ಹಚ್ಚಿದ ದಿನದ್ದು. ಅವರು ನನ್ನನ್ನು ಬೈಯಲಿಲ್ಲ, ಆದರೆ ಆ ನಷ್ಟವನ್ನು ನಾನು ತುಂಬಿಕೊಡಲಾಗಲಿಲ್ಲ.

ಹ್ಯಾಂಡ್‌ಬಿಲ್ಲು ನಿಮ್ಮ ಅತ್ಯುತ್ತಮ ಆಧಾರ. ಮೇಲೆ ಊರ ದೇವರ ‘ಪ್ರಸನ್ನ’, ಅದರ ಕೆಳಗೆ ‘ಅರ್ಥಾತ್’ ಎಂಬ ಪದದಿಂದ ಜೋಡಿಸಿದ ಎರಡು ಹೆಸರಿನ ನಾಟಕ, ಆಮೇಲೆ ಪಾತ್ರಧಾರಿಗಳ ಯಾದಿ, ತಳದಲ್ಲಿ ಮುದ್ರಣಾಲಯದ ಹೆಸರು. ಒಂದೇ ನಾಟಕ ಕೆಲವು ಊರಲ್ಲಿ ಮೊದಲ ಹೆಸರಿನಿಂದ, ಕೆಲವು ಊರಲ್ಲಿ ‘ಅರ್ಥಾತ್’ ನಂತರದ ಹೆಸರಿನಿಂದ ಪ್ರಚಾರವಾಗಿರುತ್ತದೆಯಾದ್ದರಿಂದ ಎರಡನ್ನೂ ಬರೆದುಕೊಳ್ಳದಿದ್ದರೆ ಒಂದು ನಾಟಕವನ್ನು ಎರಡೆಂದು ಎಣಿಸುವ ತಪ್ಪಾಗುತ್ತದೆ. ದೊಡ್ಡ ತೊಡಕೆಂದರೆ ಹಳೆಯ ಹ್ಯಾಂಡ್‌ಬಿಲ್ಲುಗಳಲ್ಲಿ ತಾರೀಖು ಮತ್ತು ವಾರ ಇದ್ದರೂ ಎಷ್ಟೋ ಸಲ ಇಸವಿ ಇರುವುದಿಲ್ಲ. ಆಗ ವಾರ ಮತ್ತು ತಿಥಿಗಳೇ ಇಸವಿಯನ್ನು ಹೇಳುತ್ತವೆ. ‘26-1, ರವಿವಾರ, ಬನದ ಹುಣ್ಣಿಮೆಯ ಮರುದಿನ’ ಎಂದು ಅಚ್ಚಾಗಿದೆ ಎಂದುಕೊಳ್ಳಿ. 1960ರಿಂದ 1990ರ ನಡುವೆ ಜನವರಿ 26 ರವಿವಾರ ಬಂದದ್ದು 1964, 1969, 1975 ಮತ್ತು 1986ರಲ್ಲಿ ಮಾತ್ರ. 1969ರಲ್ಲಿ ಬನದ ಹುಣ್ಣಿಮೆ ಜನವರಿಯ ಮೊದಲ ವಾರದಲ್ಲಿಯೇ ಮುಗಿದಿತ್ತು. 1964ರಲ್ಲಿಯೂ 1975ರಲ್ಲಿಯೂ ಆ ತಿಂಗಳ ಹುಣ್ಣಿಮೆ 26ರ ನಂತರ ಬಂತು. ಹುಣ್ಣಿಮೆ ಶನಿವಾರ ಬಂದು ಮರುದಿನ 26 ಆದದ್ದು 1986ರಲ್ಲಿ. ಹಳೆಯ ಪಂಚಾಂಗಗಳು ಮಠಗಳಲ್ಲಿಯೂ ಜೋಯಿಸರ ಮನೆಗಳಲ್ಲಿಯೂ ಸಿಗುತ್ತವೆ, ಹಿಂದಿನ ವರ್ಷಗಳ ಕ್ಯಾಲೆಂಡರ್ ಮೊಬೈಲಿನಲ್ಲಿಯೇ ಇದೆ.

ತಿಥಿಯೂ ಇಲ್ಲದಿದ್ದರೆ ಬೇರೆ ಗುರುತುಗಳಿವೆ. ಟಿಕೆಟ್ಟಿನ ದರ ಆಣೆಯಲ್ಲಿದ್ದರೆ, ಹೊಸ ಪೈಸೆ ಬಂದ 1957ರ ಏಪ್ರಿಲ್‌ಗಿಂತ ಹಿಂದಿನದೋ ಅಥವಾ ಅದರ ಆಸುಪಾಸಿನದೋ ಆಗಿರುತ್ತದೆ. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ ಒಂದಕ್ಕಿಂತ ಹಿಂದಿನದೆಂದು ಬಹುಮಟ್ಟಿಗೆ ಹೇಳಬಹುದು. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ ಅದು 1972ರ ಆಗಸ್ಟ್‌ಗಿಂತ ಹಳೆಯದಾಗಿರಲು ಸಾಧ್ಯವಿಲ್ಲ. ‘ಬಾಗಲಕೋಟೆ ಜಿಲ್ಲೆ’ ಎಂಬ ಮಾತು 1997ಕ್ಕಿಂತ ಮೊದಲಿನ ಕಾಗದದಲ್ಲಿ ಬರುವುದಿಲ್ಲ, ಆಗ ಅದು ವಿಜಾಪುರ (ಈಗಿನ ವಿಜಯಪುರ) ಜಿಲ್ಲೆಯ ಭಾಗವಾಗಿತ್ತು. ಈ ಕಾರಣದಿಂದಲೇ ಬಾಗಲಕೋಟೆಯ ಊರಿನ ಹಳೆಯ ಸರಕಾರಿ ದಾಖಲೆ ಹುಡುಕುವವರು ವಿಜಯಪುರಕ್ಕೂ ಹೋಗಬೇಕಾಗುತ್ತದೆ, ಮತ್ತು 1956ಕ್ಕಿಂತ ಹಿಂದಿನದಾದರೆ ಅದು ಬಹುಮಟ್ಟಿಗೆ ಮುಂಬಯಿ ಆಡಳಿತದ ಕಾಲದ್ದು ಎಂಬುದನ್ನು ನೆನಪಿನಲ್ಲಿಡಬೇಕು.

ಧಾರವಾಡ ಆಕಾಶವಾಣಿಯ ಕರಾರು ಪತ್ರಗಳು ಟ್ರಂಕಿನಲ್ಲಿ ಸಿಕ್ಕರೆ ಅದು ಭಾಗ್ಯವೆಂದೇ ತಿಳಿಯಿರಿ. 1950ರಲ್ಲಿ ಆರಂಭವಾದ ಆ ನಿಲಯದ ರೇಡಿಯೋ ನಾಟಕಗಳಲ್ಲಿ ನಮ್ಮ ಭಾಗದ ಅನೇಕ ಕಲಾವಿದೆಯರು ದನಿ ಕೊಟ್ಟಿದ್ದಾರೆ, ಮತ್ತು ಆ ಪತ್ರಗಳಲ್ಲಿ ತಾರೀಖು, ಸಂಭಾವನೆ, ಕಲಾವಿದೆಯ ಶ್ರೇಣಿ ಎಲ್ಲವೂ ಇರುತ್ತವೆ. ಸರಕಾರದ ಮಾಸಾಶನಕ್ಕೆ ಅವರು ಹಿಂದೆ ಸಲ್ಲಿಸಿದ ಅರ್ಜಿಯ ನಕಲು ಮನೆಯಲ್ಲಿದ್ದರೆ ಅದನ್ನೂ ಓದಬೇಕು. ಅರ್ಜಿಗಾಗಿ ಆಗ ಒಟ್ಟುಗೂಡಿಸಿದ ದಾಖಲೆಗಳು ಆಮೇಲೆ ಚದುರಿಹೋಗಿರುವ ಸಾಧ್ಯತೆ ಇರುತ್ತದೆ. ಪತ್ರಿಕೆಗಳಲ್ಲಿ ಹುಡುಕುವುದಾದರೆ, ಬೆಳಗಾವಿಯಲ್ಲಿ ಹುಟ್ಟಿ ಹುಬ್ಬಳ್ಳಿಗೆ ಹೋದ ಸಂಯುಕ್ತ ಕರ್ನಾಟಕದ ಹಳೆಯ ಸಂಪುಟಗಳಿಂದ ಆರಂಭಿಸುವುದು ಒಳ್ಳೆಯದು. ಕಂಪನಿಗಳ ಜಾಹೀರಾತುಗಳು ಅಲ್ಲಿ ಸಿಗುತ್ತವೆ. ಬೆಳಗಾವಿಯಲ್ಲಿ ಕ್ಯಾಂಪು ಮಾಡಿದ ಕಂಪನಿಯಾದರೆ ಮರಾಠಿ ಪತ್ರಿಕೆಗಳನ್ನೂ ಬಿಡಬಾರದು.

ಮಾಲೀಕರ ಮತ್ತು ಸಹನಟರ ನೆನಪುಗಳಿಂದ ಈ ಕಾಗದಗಳನ್ನು ತಾಳೆ ನೋಡಬೇಕು. ಬೆಳಗಾವಿ ಜಿಲ್ಲೆಯ ಏಣಗಿಯ ಬಾಳಪ್ಪನವರು ಬಾಲ್ಯದಲ್ಲಿ ಸ್ತ್ರೀ ಪಾತ್ರ ಮಾಡಿ, ಆಮೇಲೆ ಕಲಾವೈಭವ ನಾಟ್ಯ ಸಂಘವನ್ನು ನಡೆಸಿ, ನೂರು ವರ್ಷ ದಾಟಿ ಬದುಕಿ 2017ರಲ್ಲಿ ತೀರಿಕೊಂಡರು. ಅಂತಹವರ ಮಾತುಗಳಲ್ಲಿ ಒಂದು ಕಂಪನಿ ಯಾವ ಮಳೆಗಾಲ ಯಾವ ಊರಲ್ಲಿ ಸಿಕ್ಕಿಬಿದ್ದಿತ್ತು ಎಂಬ ವಿವರ ಕೂಡ ಸಿಗುತ್ತದೆ, ಮತ್ತು ನಿಮ್ಮ ನಟಿ ಆ ಕಂಪನಿಯಲ್ಲಿದ್ದ ವರ್ಷಗಳನ್ನು ಅದರ ಮೇಲೆ ಕೂರಿಸಬಹುದು. ನಟಿಯೇ ಕಂಪನಿಯ ಒಡತಿಯಾಗಿದ್ದರೆ ಆ ಭಾಗವನ್ನು ಪ್ರತ್ಯೇಕವಾಗಿ ಬರೆಯಬೇಕು. ದಾವಣಗೆರೆಯ ಚಿಂದೋಡಿ ಲೀಲಾ ಅವರು ಕೆ.ಬಿ.ಆರ್. ಡ್ರಾಮಾ ಕಂಪನಿಯ ನಟಿಯಾಗಿ ಮಾತ್ರವಲ್ಲ, ಅದನ್ನು ನಡೆಸಿದವರಾಗಿ, ಬೆಳಗಾವಿಯಲ್ಲಿ ರಂಗಮಂದಿರ ಕಟ್ಟಿಸಿದವರಾಗಿಯೂ ನೆನಪಿನಲ್ಲಿ ಇದ್ದಾರೆ. 1988ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಟೆಂಟು, ಸೀನರಿ, ಐವತ್ತು ಜನರ ಊಟ, ಗೇಟ್ ಕಲೆಕ್ಷನ್ ಇವುಗಳನ್ನು ನೋಡಿಕೊಂಡೇ ರಾತ್ರಿ ನಾಯಕಿಯಾಗಿ ನಿಲ್ಲುವುದು ಬೇರೆಯೇ ತೆರನ ದುಡಿಮೆ.

ಸಿನಿಮಾ ಮತ್ತು ಧಾರಾವಾಹಿ

ಪರದೆಯ ಕೆಲಸವನ್ನು ದಾಖಲಿಸುವುದು ಸುಲಭವೆಂದು ತೋರುತ್ತದೆ, ಆದರೆ ತಪ್ಪುಗಳು ಹೆಚ್ಚು ನುಸುಳುವುದು ಇಲ್ಲಿಯೇ. ಚಿತ್ರವನ್ನು ನೀವೇ ಕುಳಿತು ನೋಡಬೇಕು. ಹೆಸರುಗಳು ಬರುವಾಗ ನಿಲ್ಲಿಸಿ, ನಟಿಯ ಹೆಸರನ್ನು ಹೇಗೆ ಬರೆದಿದ್ದಾರೆ ಎಂದು ಅಕ್ಷರ ಬಿಡದೆ ಗುರುತು ಹಾಕಿಕೊಳ್ಳಬೇಕು, ಮತ್ತು ಅವರು ತೆರೆಯ ಮೇಲೆ ಬರುವ ಪ್ರತಿ ದೃಶ್ಯದ ಸಮಯವನ್ನು ಬರೆದುಕೊಳ್ಳಬೇಕು. ಹೆಸರಿನ ಮುಂದೆ ಕಂಪನಿಯಲ್ಲಿ ‘ಕುಮಾರಿ’, ಊರಿನಲ್ಲಿ ‘ಬಾಯಿ’, ಸಿನಿಮಾದಲ್ಲಿ ಬೇರೊಂದು ಹೆಸರು ಇರುವುದು ಸಾಮಾನ್ಯ. ತೆರೆಯ ಮೇಲಿನ ದನಿ ಅವರದೇ ಹೌದೋ ಅಲ್ಲವೋ ಎಂದೂ ಕೇಳಲೇಬೇಕು. ಮುಖ ಒಬ್ಬರದು, ದನಿ ಇನ್ನೊಬ್ಬರದು ಆಗಿರುವ ಚಿತ್ರಗಳು ಎಷ್ಟೋ ಇವೆ, ಉತ್ತರ ಕರ್ನಾಟಕದ ಮಾತಿನ ಧಾಟಿಯುಳ್ಳ ಕಲಾವಿದೆಗೆ ಇದು ನೋವಿನ ಸಂಗತಿಯೂ ಆಗಿರಬಹುದು. ಧಾರಾವಾಹಿಯಾದರೆ ವಾಹಿನಿ ಆರಂಭವಾದ ವರ್ಷ ನಿಮ್ಮ ಲೆಕ್ಕಕ್ಕೆ ಎಲ್ಲೆ ಹಾಕುತ್ತದೆ. ಉದಯ ಟಿವಿ ಬಂದದ್ದು 1994ರಲ್ಲಿ, ಈಟಿವಿ ಕನ್ನಡ 2000ದ ಕೊನೆಯಲ್ಲಿ.

ವರ್ಷಗಳ ವಿಷಯದಲ್ಲಿ ಉಮಾಶ್ರೀ ಅವರ ವೃತ್ತಿಜೀವನ ಒಳ್ಳೆಯ ಪಾಠ. ತುಮಕೂರು ಜಿಲ್ಲೆಯ ನೊಣವಿನಕೆರೆಯವರಾದ ಅವರು ನಮ್ಮ ಬಾಗಲಕೋಟೆ ಜಿಲ್ಲೆಯ ತೇರದಾಳ ಕ್ಷೇತ್ರದಿಂದ 2013ರಲ್ಲಿ ಗೆದ್ದು, 2018ರವರೆಗೆ ಸಚಿವೆಯಾಗಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯನ್ನೂ ನೋಡಿಕೊಂಡವರು. ರಂಗದ ಮೇಲೆ ‘ಒಡಲಾಳ’ದ ಸಾಕವ್ವನಾಗಿ, 1984ರ ‘ಅನುಭವ’ದಿಂದ ಸಿನಿಮಾದಲ್ಲಿ, 1995ರ ‘ಪುಟ್ನಂಜ’ದಲ್ಲಿ ತಮ್ಮ ವಯಸ್ಸಿಗಿಂತ ಎಷ್ಟೋ ಹಿರಿಯಳಾದ ಅಜ್ಜಿಯಾಗಿ, 2008ರ ‘ಗುಲಾಬಿ ಟಾಕೀಸ್’ನಲ್ಲಿ ಸೂಲಗಿತ್ತಿಯಾಗಿ, 2021ರಿಂದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ತಾಯಿಯಾಗಿ ಅವರು ಕಾಣಿಸಿಕೊಂಡರು. ಗುಲಾಬಿ ಟಾಕೀಸಿಗೆ ಅವರಿಗೆ ಬಂದ ರಾಷ್ಟ್ರಪ್ರಶಸ್ತಿ 2007ರ ಸಾಲಿನದು, ಆದರೆ ಘೋಷಣೆಯಾದದ್ದು 2009ರ ಸೆಪ್ಟೆಂಬರ್‌ನಲ್ಲಿ. ಆದ್ದರಿಂದ ಒಬ್ಬರು 2007 ಎಂದೂ ಇನ್ನೊಬ್ಬರು 2009 ಎಂದೂ ಬರೆದರೆ ಇಬ್ಬರೂ ಸುಳ್ಳು ಹೇಳಿದಂತಾಗುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಯಾವ ಸಾಲಿನ ಪ್ರಶಸ್ತಿ, ಯಾವ ದಿನ ಕೈಗೆ ಬಂತು ಎಂದು ಎರಡನ್ನೂ ಬರೆಯಬೇಕು. ರಾಜಕೀಯದ ಐದು ವರ್ಷ ಬಣ್ಣ ಹಚ್ಚಲಿಲ್ಲವೆಂದೋ ಹಚ್ಚಿದರೆಂದೋ ಊಹಿಸಿ ಬರೆಯದೆ, ಆ ವರ್ಷಗಳನ್ನೂ ಪಾತ್ರಗಳ ಪಟ್ಟಿಯಲ್ಲಿಯೇ ಹುಡುಕಬೇಕು.

ಇನ್ನೊಂದು ಉದಾಹರಣೆ ನಮ್ಮ ಬೀಳಗಿಯದು. ಅಮೀರ್‌ಬಾಯಿ ಕರ್ನಾಟಕಿ ಮತ್ತು ಗೋಹರ್‌ಬಾಯಿ ಕರ್ನಾಟಕಿ ಅಕ್ಕತಂಗಿಯರು ಬೀಳಗಿಯಿಂದ ಹೊರಟು ಮುಂಬಯಿ ಸೇರಿದವರು. ಗೋಹರ್‌ಬಾಯಿ ಬಾಲಗಂಧರ್ವರ ನಾಟಕ ಮಂಡಳಿಯನ್ನು ಸೇರಿ ಮರಾಠಿ ರಂಗಭೂಮಿಯ ನಟಿಯಾದರು, ಬಾಲಗಂಧರ್ವರನ್ನು ಮದುವೆಯೂ ಆದರು. ಅಮೀರ್‌ಬಾಯಿ ನಟಿಸಿದರು, ಹಾಡಿದರು. 1943ರ ‘ಕಿಸ್ಮತ್’, 1944ರ ‘ರತನ್’ ಚಿತ್ರಗಳ ಹಾಡುಗಳಿಂದ ದೇಶದಾದ್ಯಂತ ಹೆಸರಾದರು, 1948ರಲ್ಲಿ ‘ಶಹನಾಜ್’ ಚಿತ್ರಕ್ಕೆ ಸಂಗೀತವನ್ನೂ ನೀಡಿದರು, 1965ರಲ್ಲಿ ತೀರಿಕೊಂಡರು. ವಿಜಯಪುರದ ಅಮೀರ್ ಟಾಕೀಸು ಅವರ ಹೆಸರನ್ನು ಹೊತ್ತದ್ದು. ಇಷ್ಟು ಪ್ರಸಿದ್ಧರಾದವರ ಹುಟ್ಟಿದ ವರ್ಷವನ್ನೇ ಕೆಲವರು 1906 ಎಂದೂ ಕೆಲವರು 1912 ಎಂದೂ ಬರೆದಿದ್ದಾರೆ. ರಹಮತ್ ತರೀಕೆರೆಯವರು ಅವರ ಬದುಕನ್ನು ಊರೂರು ತಿರುಗಿ ಹುಡುಕಿ ಕನ್ನಡದಲ್ಲಿ ಪುಸ್ತಕ ಮಾಡಿರದಿದ್ದರೆ ನಮ್ಮವರಿಗೆ ಅವರ ನೆನಪು ಇನ್ನಷ್ಟು ಮಸುಕಾಗಿರುತ್ತಿತ್ತು. ಗಡಿಭಾಗದ ಕಲಾವಿದೆಯ ಕೆಲಸ ಕನ್ನಡದಲ್ಲಿ ಮಾತ್ರ ಇರುತ್ತದೆ ಎಂದು ತಿಳಿಯಬಾರದು. ನಿಮ್ಮ ನಟಿ ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ ಹಾಡಿದ್ದಾರೆಯೇ, ಪಾತ್ರ ಮಾಡಿದ್ದಾರೆಯೇ ಎಂದು ಕೇಳಿ, ಆ ಭಾಷೆ ಬಲ್ಲವರ ನೆರವು ಪಡೆಯಬೇಕು.

ಅಭಿನಯವನ್ನು ಬರೆಯುವುದು

ಪಟ್ಟಿ ತುಂಬಿದ ಮೇಲೆ ಬರವಣಿಗೆ. ‘ಅಮೋಘ’, ‘ಮನೋಜ್ಞ’, ‘ಪರಕಾಯ ಪ್ರವೇಶ’ ಎಂಬ ಪದಗಳನ್ನು ಪೂರ್ತಿ ಕೈಬಿಡಬೇಕೆಂದು ನನ್ನ ಸ್ಪಷ್ಟ ಅಭಿಪ್ರಾಯ. ಆ ಜಾಗದಲ್ಲಿ ದನಿ, ಕಣ್ಣು, ಕೈ, ನಡಿಗೆ ಇವು ಏನು ಮಾಡಿದವು ಎಂಬುದನ್ನು ಬರೆಯಬೇಕು. ಕಂಪನಿಯ ತಗಡಿನ ಥೇಟರಿನಲ್ಲಿ, ಮಳೆ ಬಂದು ತಗಡು ಬಡಿಯುವಾಗ, ಮೇಲೆ ತೂಗುಬಿಟ್ಟ ಮೈಕಿನವರೆಗೆ ಮಾತು ತಲುಪಿಸಲು ಅವರು ಉಸಿರನ್ನು ಎಲ್ಲಿ ಹಿಡಿಯುತ್ತಿದ್ದರು? ಒನ್ಸ್‌ಮೋರ್ ಬಂದಾಗ ಅಳುವ ದೃಶ್ಯದ ಹಾಡನ್ನು ಮತ್ತೆ ಎಲ್ಲಿಂದ ಎತ್ತಿಕೊಳ್ಳುತ್ತಿದ್ದರು? ಕ್ಯಾಮೆರಾದ ಮುಂದೆ ನಿಂತಾಗ ಏನನ್ನು ಬಿಡಬೇಕಾಯಿತು? ಈ ಕೊನೆಯ ಪ್ರಶ್ನೆಗೆ ನನಗೆ ಸಿಕ್ಕ ಒಂದು ಉತ್ತರ ಹೀಗಿತ್ತು: ‘ಕಣ್ಣ ಕಡಿಮಿ ಮಾಡ್ರಿ ಅಂದ್ರು. ಕಂಪನ್ಯಾಗ ಕಣ್ಣ ದೊಡ್ಡದ ಮಾಡೂದ ಕಲಿಯಾಕ ಮೂರ ವರ್ಷ ಹಿಡದಿತ್ರಿ, ಅಲ್ಲಿ ಒಂದ ಮುಂಜಾನ್ಯಾಗ ಬಿಡಬೇಕಾತು.’ ರಂಗಕ್ಕೂ ಪರದೆಗೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಮಾತನ್ನು ನಾನು ಬೇರೆಲ್ಲಿಯೂ ಓದಿಲ್ಲ, ಆದ್ದರಿಂದ ಅದನ್ನು ಹೇಳಿದ ಹಾಗೆಯೇ ಬರೆದುಕೊಂಡೆ.

ಎಣಿಕೆಗಳಲ್ಲಿ ಎಚ್ಚರ ಬೇಕು. ‘ಸಾವಿರಾರು ನಾಟಕ’ ಎಂದು ಬರೆಯುವ ಬದಲು, ಗೊತ್ತಿರುವಷ್ಟು ನಾಟಕಗಳ ಹೆಸರು ಬರೆದು, ಇಂತಹ ಕ್ಯಾಂಪಿನಲ್ಲಿ ಇಷ್ಟು ವಾರ ಒಂದೇ ನಾಟಕ ನಡೆಯಿತು ಎಂದು ಹೇಳಿದರೆ ಓದುವವರೇ ಲೆಕ್ಕ ಹಾಕಿಕೊಳ್ಳುತ್ತಾರೆ.

ಖಾಸಗಿ ವಿಷಯಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಆದರೆ ಇದರಲ್ಲಿ ರಾಜಿ ಇರಬಾರದು. ನಾಟಕದ ಹೆಣ್ಣುಮಗಳು ಎಂದು ಬಾಡಿಗೆ ಮನೆ ಕೊಡದ ಓಣಿಗಳನ್ನು, ಮಕ್ಕಳ ಮದುವೆಯ ಮಾತುಕತೆಯಲ್ಲಿ ತಮ್ಮ ವೃತ್ತಿಯನ್ನು ಮುಚ್ಚಿಡಬೇಕಾದ ದಿನಗಳನ್ನು ಇವರು ಕಂಡಿದ್ದಾರೆ. ಮನೆತನ, ಸಂಬಂಧ, ಸಾಲ ಇವುಗಳ ಬಗ್ಗೆ ಹೇಳಿದ ಮಾತುಗಳಲ್ಲಿ ಯಾವುದನ್ನು ಬರೆಯಬಹುದು, ಯಾವುದನ್ನು ಬರೆಯಬಾರದು ಎಂದು ನಿರ್ಧರಿಸುವವರು ಅವರು ಮಾತ್ರ. ಧ್ವನಿಮುದ್ರಣದ ಮಧ್ಯೆ ‘ಇದು ಬ್ಯಾಡ’ ಎಂದರೆ ಅಲ್ಲಿಯೇ ನಿಲ್ಲಿಸಿ, ಆ ಭಾಗವನ್ನು ಅವರ ಎದುರಿಗೇ ಅಳಿಸಬೇಕು. ಮನೆಯ ವಿಳಾಸ, ಫೋನ್ ನಂಬರು, ಆಧಾರ್, ಪಾಸ್‌ಬುಕ್ ಕಾಣುವ ಯಾವ ಚಿತ್ರವನ್ನೂ ಬಳಸಬಾರದು.

ಬರಹ ಒಂದು ಹದಕ್ಕೆ ಬಂದ ಮೇಲೆ ಅದನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಕಣ್ಣಿಗೆ ಪೊರೆ ಬಂದವರು, ಅಕ್ಷರ ಕಲಿಯದೆ ಕೇಳಿಯೇ ಇಡೀ ನಾಟಕವನ್ನು ಬಾಯಿಪಾಠ ಮಾಡಿದವರು ಇವರಲ್ಲಿ ಹಲವರಿದ್ದಾರೆ, ಮತ್ತು ಕೇಳುವುದರಲ್ಲಿ ಅವರ ಕಿವಿ ಬಹಳ ಚುರುಕು. ಸಹನಟರಾಗಿದ್ದ ಒಬ್ಬರನ್ನಾದರೂ ಆ ದಿನ ಕರೆಯಿರಿ. ಇಬ್ಬರೂ ಕೂಡಿ ಕೇಳಿದಾಗ, ‘ಅದು ಮುಧೋಳ ಅಲ್ಲಾ, ಜಮಖಂಡಿ, ಕೆರಿ ಬಾಜೂಕ ಟೆಂಟ್ ಇತ್ತು’ ಎಂಬಂತಹ ತಿದ್ದುಪಡಿಗಳು ಬರುತ್ತವೆ. ಅವನ್ನು ಪೆನ್ಸಿಲ್ಲಿನಲ್ಲಿ ಅಲ್ಲಿಯೇ ಬರೆದುಕೊಳ್ಳಬೇಕು. ಆಮೇಲೆ ಬರಹ, ಪಾತ್ರಗಳ ಪಟ್ಟಿ ಮತ್ತು ಕಾಗದಗಳ ಚಿತ್ರಗಳನ್ನು ಮೂರು ಪ್ರತಿ ಮಾಡಿ, ಒಂದನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಅವರ ಮನೆಗೆ ಕೊಡಬೇಕು, ಒಂದನ್ನು ಅವರ ಒಪ್ಪಿಗೆಯಿದ್ದರೆ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೋ ಧಾರವಾಡದ ವಿದ್ಯಾವರ್ಧಕ ಸಂಘಕ್ಕೋ ಒಪ್ಪಿಸಬೇಕು, ಮೂರನೆಯದು ನಿಮ್ಮ ಬಳಿ ಇರಲಿ. ಪಟ್ಟಿಯ ಕೊನೆಯಲ್ಲಿ ನಾಲ್ಕಾರು ಸಾಲು ಖಾಲಿ ಬಿಡುವುದನ್ನು ಮರೆಯಬೇಡಿ. ಮುಂದಿನ ಬನದ ಹುಣ್ಣಿಮೆಗೆ ಯಾವುದೋ ಕಂಪನಿಯವರು ತಾಯಿ ಪಾತ್ರಕ್ಕೆ ಬರಹೇಳಿದರೆ ಅವರು ಹೊರಟೇಬಿಡುತ್ತಾರೆ, ಆಗ ನೀವೂ ಜೊತೆಗೆ ಹೋಗಿ ಆ ಸಾಲನ್ನು ಅಂದೇ ರಾತ್ರಿ ತುಂಬಬೇಕು.